‘ಇಂಗ್ಲಿಷ್ ಓನ್ಲಿ’ ಎಂದು ಬರೆದ ಕೈ

“ಪುಢೀಲ ಸ್ಟೇಶನ್ ದಹಿಸರ್. ಅಗಲಾ ಸ್ಟೇಶನ್ ದಹಿಸರ್. ನೆಕ್ಸ್ಟ್ ಸ್ಟೇಶನ್ ದಹಿಸರ್.”

ಮುಂಬಯಿಯ ಲೋಕಲ್ ರೈಲಿನಲ್ಲಿ ದಿನಾ ಓಡಾಡುವವರಿಗೆ ಈ ಮೂರು ಸಾಲು ಕಿವಿಗೆ ಬಿದ್ದರೂ ಬೀಳದ ಹಾಗೆ. ನನಗೆ ಮಾತ್ರ ಅದು ರೈಲಿನ ಧ್ವನಿಯಾಗಿ ನೆನಪಿಲ್ಲ, ಏಳು ವರ್ಷದ ಒಬ್ಬ ಹುಡುಗಿಯ ಧ್ವನಿಯಾಗಿ ನೆನಪಿದೆ. ಎರಡನೆಯ ಕ್ಲಾಸಿನ ಕೊನೆಯ ಬೆಂಚಿನಿಂದ, ಟೀಚರ್ ಟೇಬಲ್ಸ್ ಹೇಳಿಸುತ್ತಿರುವಾಗ ನಟ್ಟನಡುವೆ ಅದು ಏಳುತ್ತಿತ್ತು. ರೆಕಾರ್ಡಿನ ಹೆಂಗಸಿನ ಅದೇ ಗತ್ತು, ಮರಾಠಿ, ಹಿಂದಿ, ಇಂಗ್ಲಿಷ್ ಎಂಬ ಅದೇ ಕ್ರಮ, ನಡುವೆ ಅಷ್ಟೇ ಉದ್ದದ ಬಿಡುವು. ಮಕ್ಕಳು ಮೊದಮೊದಲು ನಕ್ಕರು. ಆಮೇಲೆ ಎಲ್ಲರೂ ಬ್ಯಾಗ್ ಹೆಗಲಿಗೇರಿಸಿ ಇಳಿಯುವವರ ಹಾಗೆ ಬಾಗಿಲ ಕಡೆ ನೂಕಾಡುವ ಆಟ ಶುರು ಮಾಡಿದರು. ಪಾಪ, ಕ್ಲಾಸ್ ಟೀಚರ್ ಚಿಕ್ಕ ವಯಸ್ಸಿನ ಮರಾಠಿ ಹುಡುಗಿ. ಅವಳಿಗೂ ನಗು ತಡೆಯಲು ಆಗುತ್ತಿರಲಿಲ್ಲ.

ನಾನು ಆಗಲೇ ರಿಟೈರ್ ಆದವಳು. ದಹಿಸರಿನ ಒಂದು ಟ್ರಸ್ಟಿನ ಇಂಗ್ಲಿಷ್ ಮೀಡಿಯಮ್ ಪ್ರೈಮರಿ ಶಾಲೆಯವರು ‘ರಿಸೋರ್ಸ್ ರೂಮ್’ ನೋಡಿಕೊಳ್ಳಲು ಕರೆದಿದ್ದರು. ವಿಶೇಷ ಅಗತ್ಯವಿರುವ ಮಕ್ಕಳು ಇತರರ ಜೊತೆಗೇ ಕ್ಲಾಸಿನಲ್ಲಿ ಕೂರಬೇಕು, ದಿನಕ್ಕೆ ಒಂದು ಪೀರಿಯಡ್ ಮಾತ್ರ ನನ್ನ ಹತ್ತಿರ ಬರಬೇಕು ಎಂಬುದು ವ್ಯವಸ್ಥೆ. ಬೆಳಿಗ್ಗೆ ಮುಂಬಯಿಯೆಲ್ಲ ದಕ್ಷಿಣಕ್ಕೆ ನುಗ್ಗುವಾಗ ನಾನು ಅಂಧೇರಿಯಿಂದ ಉತ್ತರಕ್ಕೆ ಹೋಗುವವಳು. ಹಾಗಾಗಿ ಕಿಟಕಿಯ ಸೀಟು ಸಿಗುತ್ತಿತ್ತು. ರಿಸೋರ್ಸ್ ರೂಮ್ ಎಂದರೆ ಮೆಟ್ಟಿಲ ಕೆಳಗೆ ಆಟದ ಸಾಮಾನು ಇಡುತ್ತಿದ್ದ ಕೋಣೆ. ಒಂದು ಗಿಡ್ಡ ಮೇಜು, ಮರಳಿನ ಟ್ರೇ, ನಾನೇ ಕತ್ತರಿಸಿ ಲ್ಯಾಮಿನೇಟ್ ಮಾಡಿಸಿದ ಚಿತ್ರಗಳ ಕಾರ್ಡು. ಗೋಡೆಯ ಮೇಲೆ ದಿನದ ಟೈಮ್‌ಟೇಬಲ್ ಕೂಡ ಚಿತ್ರಗಳಲ್ಲೇ ಇತ್ತು. ಒಂದು ಕೆಲಸ ಮುಗಿದರೆ ಮಗು ಆ ಚಿತ್ರವನ್ನು ಕಿತ್ತು ಡಬ್ಬಿಗೆ ಹಾಕಬೇಕು.

ಇಂಥ ಕೆಲಸಕ್ಕೆ ಒಂದು ಪದ್ಧತಿ ಇದೆ. ಮೊದಲು ಎರಡು ವಾರ ಮಗುವನ್ನು ಕ್ಲಾಸಿನಲ್ಲೇ ಗಮನಿಸಬೇಕು. ಯಾವಾಗ ಕಿವಿ ಮುಚ್ಚಿಕೊಂಡಿತು, ಅದಕ್ಕೆ ಮುಂಚೆ ಏನಾಯಿತು, ಆಮೇಲೆ ಏನಾಯಿತು, ಎಲ್ಲ ಬರೆಯಬೇಕು. ಆಸ್ಪತ್ರೆಯ ರಿಪೋರ್ಟ್ ಓದಬೇಕು, ಪಾಲಕರನ್ನು ಕರೆದು ಕೇಳಬೇಕು. ಆಮೇಲೆ ಆ ಒಂದು ಮಗುವಿಗಾಗಿ ಒಂದು ಪ್ಲ್ಯಾನ್ ಬರೆದು ಪಾಲಕರ ಸಹಿ ಹಾಕಿಸಿ, ಅರ್ಧ ವರ್ಷ ಕಳೆದ ಮೇಲೆ ಪರಿಶೀಲನೆ. ಇದನ್ನೆಲ್ಲ ನಾನು ನೀಟಾಗಿ ಮಾಡುತ್ತಿದ್ದೆ. ಐ ಹ್ಯಾವ್ ಆಲ್ವೇಸ್ ಹ್ಯಾಡ್ ಎ ಗುಡ್ ಹ್ಯಾಂಡ್. ನನ್ನ ಅಕ್ಷರ ನೋಡಿಯೇ ಜನ ಒಪ್ಪಿಬಿಡುತ್ತಿದ್ದರು.

ಹುಡುಗಿಯ ಕಿವಿ ಸರಿಯಾಗಿತ್ತು. ಆಟಿಸಮ್ ಇದೆ, ಮಾತು ತಡ ಎಂದು ರಿಪೋರ್ಟ್ ಹೇಳಿತ್ತು. ಜುಲೈಯಲ್ಲಿ ತಾಯಿಯನ್ನು ಕರೆಸಿದೆ. ಬಾಗಲಕೋಟೆಯ ಕಡೆಯವಳು. ಗಂಡ ಕಟ್ಟಡಗಳಲ್ಲಿ ಟೈಲ್ಸ್ ಕೂರಿಸುವವ, ಇವಳು ಸ್ಟೇಶನ್ ಹತ್ತಿರದ ಎರಡು ಬಿಲ್ಡಿಂಗಿನಲ್ಲಿ ಅಡುಗೆ ಮಾಡುವವಳು. ಹರಕು ಹಿಂದಿಯಲ್ಲಿ ಶುರು ಮಾಡಿದಳು. ನಾನು ಕನ್ನಡದಲ್ಲಿ ಉತ್ತರ ಕೊಟ್ಟೆ. ಅವಳು ಕುರ್ಚಿಯ ತುದಿಯಲ್ಲಿದ್ದವಳು ಹಿಂದಕ್ಕೆ ಸರಿದು ಸರಿಯಾಗಿ ಕೂತಳು.

“ಅಕ್ಕೋರ, ನೀವು ನಮ್ಮವರಾ?”

“ಮಂಗಳೂರಿನ ಕಡೆ. ಮನೆಯಲ್ಲಿ ಏನೇನು ಮಾತಾಡ್ತಾಳೆ, ಹೇಳಿ.”

“ಅವ್ವ ಅಂತಾಳ್ರಿ. ನೀರ, ಬ್ಯಾಡ, ರೊಟ್ಟಿ, ಆಯಿ. ಆಯಿ ಅಂದ್ರ ನಮ್ಮ ಅತ್ತಿ. ಅಕೀನ್ನ ಭಾಳ ಹಚಗೊಂಡಾಳ. ಮುದುಕಿ ತಲಿಗೆ ಎಣ್ಣಿ ಹಚ್ಚಕೋತ ಹಾಡ ಹೇಳತಾಳ್ರಿ. ಕಡೀ ಮಾತು ಬಿಟ್ಟು ಸುಮ್ಮನಾಗತಾಳ. ಆ ಕಡೀ ಮಾತು ಇಕಿ ಹೇಳತಾಳ.”

ಮಗು ಹಾಡಿನ ಕೊನೆಯ ಪದ ತಾನಾಗಿ ತುಂಬುತ್ತದೆ ಎಂದರೆ ನಮ್ಮ ಕೆಲಸದಲ್ಲಿ ಅದು ಸಣ್ಣ ಸಂಗತಿಯಲ್ಲ. ಬಾಗಿಲು ಅಲ್ಲೇ ತೆರೆದಿದೆ ಎಂದು ಅರ್ಥ. ನಾನು ರಿಜಿಸ್ಟರಿನಲ್ಲಿ ಬರೆದದ್ದು ಇಷ್ಟೇ: ‘ಫ್ಯೂ ವರ್ಡ್ಸ್ ಅಟ್ ಹೋಮ್, ವರ್ನಾಕ್ಯುಲರ್.’ ಕನ್ನಡ ಎಂದೂ ಅಲ್ಲ, ವರ್ನಾಕ್ಯುಲರ್ ಎಂದು ಬರೆದು ಮುಗಿಸಿದೆ.

“ನೋಡಿ,” ಎಂದೆ, “ಮನೆಯಲ್ಲಿ ಕನ್ನಡ, ಗಲ್ಲಿಯಲ್ಲಿ ಹಿಂದಿ, ಇಲ್ಲಿ ಇಂಗ್ಲಿಷ್. ಮಗುವಿನ ತಲೆಯಲ್ಲಿ ಖಿಚಡಿ ಆಗ್ತದೆ. ಒಂದೇ ಭಾಷೆ ಇರಲಿ. ಇಂಗ್ಲಿಷ್.”

“ನನಗ ಇಂಗ್ಲಿಷ್ ಎಲ್ಲಿ ಬರತೈತ್ರಿ ಅಕ್ಕೋರ? ಲಿಫ್ಟಿನ ಬಟನ್ ಒತ್ತಾಕ ಒಂದು ಎರಡು ಗೊತ್ತೈತಿ ಅಷ್ಟ.”

“ಕಲೀಬಹುದು. ಕಮ್, ಸಿಟ್, ಈಟ್, ವಾಟರ್. ಇಪ್ಪತ್ತು ಶಬ್ದ ಬರೆದುಕೊಡ್ತೇನೆ.”

“ಕನ್ನಡ ಆಡಲೇಬಾರದೇನ್ರಿ?”

“ಅವಳ ಕಿವಿಗೆ ಬೀಳುವ ಹಾಗೆ ಆಡಬೇಡಿ, ಆಯ್ತಾ.”

ಪ್ಲ್ಯಾನಿನಲ್ಲಿ ‘ಮನೆಯ ಭಾಷೆ’ ಎಂಬ ಕಾಲಮ್ ಇತ್ತು. ಅದರಲ್ಲಿ ‘ಇಂಗ್ಲಿಷ್ ಓನ್ಲಿ’ ಎಂದು ಬರೆದು ಕೆಳಗೆ ಗೆರೆ ಎಳೆದೆ. ಅವಳು ಕನ್ನಡದಲ್ಲಿ ಸಹಿ ಹಾಕಿದಳು, ಒಂದೊಂದೇ ಅಕ್ಷರ ಕೂಡಿಸಿ. ನಾನು ಆ ಇಪ್ಪತ್ತು ಶಬ್ದವನ್ನು ಕನ್ನಡ ಲಿಪಿಯಲ್ಲಿ ಬರೆದುಕೊಟ್ಟೆ.

ಇದನ್ನು ಯಾರು ನನಗೆ ಹೇಳಿಕೊಟ್ಟಿದ್ದರು? ಯಾರೂ ಇಲ್ಲ. ಮಂಗಳೂರಿನ ಕಾನ್ವೆಂಟಿನಲ್ಲಿ ಕಾರಿಡಾರಿನಲ್ಲಿ ಕನ್ನಡ ಮಾತಾಡಿದರೆ ಊಟದ ಬಿಡುವು ಮುಗಿಯುವ ತನಕ ನಿಲ್ಲಬೇಕಿತ್ತು. ನಿಂತಿದ್ದೇನೆ. ಅದರಿಂದಲೇ ನಾನು ಮುಂದೆ ಬಂದೆ ಎಂದು ಒಳಗೊಳಗೇ ನಂಬಿದ್ದೆ. ಅದೇ ಔಷಧಿಯನ್ನು ಆ ಮಗುವಿಗೆ ಕೊಟ್ಟೆ. ಆದರೆ ನಾನು ಸಂಜೆ ಮನೆಗೆ ಹೋದರೆ ಅಮ್ಮ ಕನ್ನಡದಲ್ಲೇ ಬೈಯುತ್ತಿದ್ದಳು, ಕನ್ನಡದಲ್ಲೇ ಬಡಿಸುತ್ತಿದ್ದಳು. ಅದು ನನಗೆ ಆಗ ನೆನಪಾಗಲಿಲ್ಲ.

ದೀಪಾವಳಿ ರಜೆಯವರೆಗೆ ಕೆಲವು ವಿಷಯ ಚೆನ್ನಾಗಿಯೇ ನಡೆದವು. ಚಿತ್ರದ ಟೈಮ್‌ಟೇಬಲ್ ಅವಳಿಗೆ ಹಿಡಿಸಿತು. ಕ್ಲಾಸಿನಲ್ಲಿ ಇಪ್ಪತ್ತು ನಿಮಿಷ ಕೂರಲು ಕಲಿತಳು. ಅವಳನ್ನು ಕೊನೆಯ ಬೆಂಚಿನಿಂದ ಮುಂದೆ ತಂದು, ಫ್ಯಾನಿನ ಸದ್ದು ಕಡಿಮೆ ಇರುವ ಕಡೆ ಕೂರಿಸಿದೆವು. ಪಕ್ಕದ ಹುಡುಗಿಗೆ ಅವಳ ಪುಸ್ತಕದ ಪುಟ ತೆರೆದುಕೊಡುವ ಜವಾಬ್ದಾರಿ. ಆದರೆ ಮಾತು ಬರಲಿಲ್ಲ. ನೀರಿನ ಕಾರ್ಡು ಎತ್ತಿಕೊಡುವಳು, ‘ವಾಟರ್’ ಎನ್ನಲು ಬಾಯಿ ತೆರೆಯಳು.

ರಜೆ ಮುಗಿದು ಬಂದ ಮೇಲೆ ಹಿಂದಕ್ಕೆ ಹೋಗತೊಡಗಿದಳು. ಕೈ ಕಚ್ಚಿಕೊಳ್ಳುವುದು ಶುರುವಾಯಿತು. ಹೆಬ್ಬೆರಳಿನ ಬುಡದಲ್ಲಿ ಹಲ್ಲಿನ ಗುರುತು. ಜೂನ್‌ನಲ್ಲಿ ಕ್ಲಾಸ್ ಟೀಚರಿಗೆ ಒಂದೆರಡು ಸಲ ‘ಬ್ಯಾಡ’ ಎಂದಿದ್ದಳಂತೆ. ಈಗ ಅದೂ ಇಲ್ಲ, ಬೇಡವಾದರೆ ನೂಕುತ್ತಿದ್ದಳು. ಉಳಿದದ್ದು ಸ್ಟೇಶನ್ನಿನ ಹೆಸರು ಮಾತ್ರ. ನಾನು ರಿಜಿಸ್ಟರಿನಲ್ಲಿ ಬರೆದೆ: ‘ಹೋಮ್ ಪ್ರ್ಯಾಕ್ಟಿಸ್ ಇನ್‌ಅಡಿಕ್ವೇಟ್.’ ಮನೆಯಲ್ಲಿ ಅಭ್ಯಾಸ ಸಾಲದು ಎಂದು.

ಬರೆದದ್ದು ಸಾಲದೆಂದು ಒಂದು ಮಧ್ಯಾಹ್ನ ಶಾಲೆ ಬಿಡುವಾಗ ಗೇಟಿನಲ್ಲೇ ತಾಯಿಯನ್ನು ನಿಲ್ಲಿಸಿದೆ.

“ಇಪ್ಪತ್ತೇ ಶಬ್ದ ಕೊಟ್ಟದ್ದು. ಅದೂ ಆಗುವುದಿಲ್ಲವಾ? ಇಲ್ಲಿ ನಾವು ಎಷ್ಟು ಮಾಡಿದರೂ ಮನೆಯಲ್ಲಿ ನೀವು ಮಾಡದಿದ್ದರೆ ಏನು ಪ್ರಯೋಜನ?”

“ಮಾಡಾಕತ್ತೀನ್ರಿ ಅಕ್ಕೋರ.”

“ಮಾಡಿದ್ದರೆ ಹೀಗಿರ್ತಿತ್ತಾ?”

ಸುತ್ತ ಇತರ ತಾಯಂದಿರು. ಕನ್ನಡ ಬಾರದಿದ್ದರೂ ಬೈಗುಳ ಎಲ್ಲರಿಗೂ ತಿಳಿಯುತ್ತದೆ. ಅವಳು ತಲೆ ತಗ್ಗಿಸಿ, ಮಗಳ ಕೈ ಹಿಡಿದು, “ಕಮ್,” ಎಂದಳು. ಒಬ್ಬಳು ಕಿಸಕ್ಕನೆ ನಕ್ಕಳು.

ಡಿಸೆಂಬರಿನಲ್ಲಿ ಪ್ರಿನ್ಸಿಪಾಲ್ ನನ್ನನ್ನು ಕರೆದರು. ಜನವರಿಯ ಪರಿಶೀಲನೆಯಲ್ಲಿ ಪ್ರಗತಿ ಕಾಣದಿದ್ದರೆ ಹುಡುಗಿಯನ್ನು ಸ್ಪೆಷಲ್ ಸ್ಕೂಲಿಗೆ ಕಳಿಸುವುದು ಒಳ್ಳೆಯದು ಎಂದರು. ಕಾನೂನಿನ ಪ್ರಕಾರ ಶಾಲೆ ತಾನಾಗಿ ಅವಳನ್ನು ಹೊರಹಾಕುವಂತಿಲ್ಲ. ಆದರೆ ಪಾಲಕರೇ ಅರ್ಜಿ ಬರೆದುಕೊಟ್ಟು ಕರೆದುಕೊಂಡು ಹೋದರೆ ಯಾರೂ ಕೇಳುವುದಿಲ್ಲ. ಆ ಇನ್ನೊಂದು ಶಾಲೆ ಎರಡು ರೈಲು ಬದಲಿಸಿ ಹೋಗುವಷ್ಟು ದೂರ. ತಾಯಿ ದಿನಾ ಅಲ್ಲಿಗೆ ಹೋಗಿಬಂದರೆ ಅಡುಗೆ ಕೆಲಸ ಬಿಡಬೇಕು, ಕೆಲಸ ಬಿಡದಿದ್ದರೆ ಹುಡುಗಿ ಮನೆಯಲ್ಲೇ ಉಳಿಯುತ್ತಾಳೆ. ಇದು ಪ್ರಿನ್ಸಿಪಾಲರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

“ಯೂ ಸ್ಪೀಕ್ ದೇರ್ ಲ್ಯಾಂಗ್ವೇಜ್,” ಎಂದರು. “ನೀವು ಹೇಳಿದರೆ ಸಹಿ ಹಾಕುತ್ತಾಳೆ.”

ಟೈಪ್ ಮಾಡಿದ ಅರ್ಜಿಯನ್ನು ಬ್ಯಾಗಿನಲ್ಲಿಟ್ಟುಕೊಂಡು ಒಂದು ಮಧ್ಯಾಹ್ನ ಅವಳ ಮನೆಯಿದ್ದ ಚಾಳಿಗೆ ಹೋದೆ. ಆರು ತಿಂಗಳಲ್ಲಿ ಅದೇ ಮೊದಲ ಸಲ. ಪ್ಲ್ಯಾನಿನಲ್ಲಿ ‘ಹೋಮ್ ವಿಸಿಟ್’ ಎಂದಿದ್ದ ಜಾಗದಲ್ಲಿ ನಾನು ‘ಫೋನ್ ಮೂಲಕ’ ಎಂದು ತುಂಬಿದ್ದೆ. ಕಾಲುನೋವು ಎಂದು ನನಗೆ ನಾನೇ ಹೇಳಿಕೊಂಡಿದ್ದೆ.

ಚಾಳಿನ ಬಾಯಲ್ಲಿ ಬೆಳ್ಳುಳ್ಳಿ ಬಿಡಿಸುತ್ತಿದ್ದ, ಹಿಂದಿ ಮಾತಾಡುವ ಒಬ್ಬ ಮುದುಕಿಯನ್ನು ಅವರ ಮನೆ ಎಲ್ಲಿ ಎಂದು ಕೇಳಿದೆ.

“ಉಸ್ಕೂಲ್‌ವಾಲೀ ಹೋ?” ಎಂದು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಮಗಳಿಗೆ ಮಾತು ಬರುವುದಿಲ್ಲ, ಅದು ದೇವರು ಕೊಟ್ಟದ್ದು. ತಾಯಿ ಯಾಕೆ ಮೂಕಿಯಾದಳು ಎಂದು ನನ್ನನ್ನೇ ಕೇಳಿದಳು. ಮೊದಲು ಆ ಮನೆಯಿಂದ ಹಾಡು ಕೇಳಿಸುತ್ತಿತ್ತು, ಜಗಳ ಕೇಳಿಸುತ್ತಿತ್ತು. ಈಗ ಕುಕ್ಕರಿನ ಸೀಟಿ ಬಿಟ್ಟರೆ ಏನೂ ಇಲ್ಲ. “ಪೂಛೋ ಉಸ್ಸೇ, ಕಿಸೀನೇ ನಜರ್ ಲಗಾಯೀ ಕ್ಯಾ.” ಯಾರಾದರೂ ದೃಷ್ಟಿ ಹಾಕಿದರೋ ಎಂದು ಕೇಳು ಎಂದಳು.

ಬಾಗಿಲು ತೆರೆದಿತ್ತು. ತಾಯಿ ಮಗಳ ತಲೆಗೆ ಎಣ್ಣೆ ಹಚ್ಚುತ್ತಿದ್ದಳು. ನಾನು ಬಂದದ್ದು ಅವಳಿಗೆ ಗೊತ್ತಾಗಲಿಲ್ಲ. ಗಮನಿಸುವುದೇ ನನ್ನ ಕೆಲಸವಲ್ಲವೇ, ಹೊಸ್ತಿಲ ಹೊರಗೆ ನಿಂತು ಗಮನಿಸಿದೆ. “ಸಿಟ್,” ಎಂದಳು. ಸುಮ್ಮನೆ ಎಣ್ಣೆ ತಿಕ್ಕಿದಳು. ಜಡೆ ಹೆಣೆಯಲು ಮೂರು ಎಳೆ ಮಾಡಿದಳು, ಅರ್ಧಕ್ಕೆ ಬಂದಳು, ಏನೋ ಹೇಳಲು ಬಾಯಿ ತೆರೆದವಳು ಮುಚ್ಚಿಕೊಂಡಳು. ಕೊನೆಗೆ “ಗುಡ್,” ಎಂದಳು. ಅಷ್ಟು ಹೊತ್ತಿನಲ್ಲಿ ಅವಳು ಆಡಿದ್ದು ಆ ಎರಡು ಶಬ್ದ. ನೀರಿನ ಡ್ರಮ್ಮಿನ ಮೇಲಿನ ಗೋಡೆಗೆ ನಾನು ಬರೆದುಕೊಟ್ಟ ಪಟ್ಟಿ, ತೇವ ತಾಗದ ಹಾಗೆ ಪ್ಲಾಸ್ಟಿಕ್ ಹಾಕಿ ಅಂಟಿಸಿದ್ದಳು.

ನನ್ನನ್ನು ನೋಡಿದ್ದೇ ಎದ್ದು ಹೊರಗೆ ಬಂದು ಬಾಗಿಲು ಎಳೆದುಕೊಂಡಳು.

“ಇಲ್ಲಿ ನಳದ ಹತ್ರ ಬರ್ರಿ ಅಕ್ಕೋರ. ಒಳಗ ಬ್ಯಾಡ.”

“ಯಾಕೆ?”

“ಅಕೀ ಕಿವ್ಯಾಗ ಬೀಳತೈತಲ್ರಿ. ನಾನೂ ನಮ್ಮ ಮನೀಯವರೂ ಏನರ ಮಾತಾಡೋದಿದ್ರ ಇಲ್ಲೇ ಬಂದು ಮಾತಾಡತೀವ್ರಿ. ಮಳಿಗಾಲದಾಗ ಛತ್ರಿ ಹಿಡಕೊಂಡು ನಿಂತಿದ್ವಿ. ಮಂದಿ ನಗತಿದ್ರು, ಹೊಸಾ ಜೋಡಿ ನೋಡ್ರಿ ಅಂತ.” ತಾನೂ ಸ್ವಲ್ಪ ನಕ್ಕಳು.

“ಅಜ್ಜಿ ಎಲ್ಲಿ?”

“ಸೊಲ್ಲಾಪುರಕ್ಕ ಅಕೀ ಮಗಳ ಮನೀಗೆ ಕಳಿಸಿದ್ವಿ. ಮುದುಕಿಗೆ ಬಾಯಿ ಮುಚ್ಚಕೊಂಡಿರು ಅಂದ್ರ ಹೆಂಗ ಇರತಾಳ್ರಿ? ಮೂರು ಸಲ ಹೇಳಿದ್ವಿ. ಹಾಡ ಬಿಡವಲ್ಲಳು.”

“ಯಾವಾಗ ಕಳಿಸಿದಿರಿ?”

“ನೀವು ಹೇಳಿದ ವಾರದಾಗ.”

ನಳದ ಕೆಳಗೆ ಯಾರದೋ ಬಕೆಟ್ ತುಂಬಿ ಹರಿಯುತ್ತಿತ್ತು. ಅವಳು ಬಗ್ಗಿ ನಳ ನಿಲ್ಲಿಸಿದಳು. ಸೆರಗಿಗೆ ಕೈ ಒರೆಸಿಕೊಂಡು ಕೇಳಿದಳು:

“ಒಂದು ಕೇಳತೀನ್ರಿ, ಸಿಟ್ಟಾಗಬ್ಯಾಡ್ರಿ. ಅಕೀ ಮಕ್ಕೊಂಡ ಮ್ಯಾಲ ಅಕೀ ಜೋಡಿ ಮಾತಾಡಿದ್ರ ನಡೀತೈತೇನ್ರಿ? ಆವಾಗೂ ಕಿವಿ ಕೇಳತಿರತಾವೇನು?”

ಬ್ಯಾಗಿನಲ್ಲಿದ್ದ ಅರ್ಜಿಯನ್ನು ನಾನು ಹೊರಗೆ ತೆಗೆಯಲಿಲ್ಲ. ಹುಡುಗಿಯನ್ನು ಕಳಿಸುವುದಿಲ್ಲ ಎಂದು ಆ ನಳದ ಹತ್ತಿರವೇ ನಿಶ್ಚಯಿಸಿದೆ. ಅಷ್ಟರ ಮಟ್ಟಿಗೆ ಸರಿ. ಆದರೆ ಅಲ್ಲಿ ಹೇಳಬೇಕಾದ ಮಾತು ಬೇರೆಯೇ ಇತ್ತು. ‘ತಪ್ಪು ನನ್ನದು, ಇದನ್ನು ಬೇರೆ ಯಾರೂ ಹೇಳಿರಲಿಲ್ಲ, ನಾನೇ ಹೇಳಿದ್ದು’ ಎನ್ನಬೇಕಿತ್ತು. ಬಾಯಿಯ ತನಕ ಬಂತು. ಹೊರಬಿದ್ದದ್ದು ಬೇರೆ.

“ಡಾಕ್ಟರು ಈಗ ಬದಲಿಸಿ ಹೇಳಿದ್ದಾರೆ. ಇನ್ನು ಮೇಲೆ ಕನ್ನಡ ಮಾತಾಡಬಹುದು. ಎಷ್ಟು ಬೇಕಾದರೂ.”

“ಆಡಬಹುದೇನ್ರಿ?”

ಬಗ್ಗಿ ನನ್ನ ಕಾಲು ಮುಟ್ಟಿದಳು. ತನ್ನ ಮಗಳ ಜೊತೆ ತಾನು ಮಾತಾಡಲು ಅನುಮತಿ ಸಿಕ್ಕಿದ್ದಕ್ಕೆ. ನಾನು ಕಾಲು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ವಾಪಸು ಬರುವಾಗ ರೈಲಿನಲ್ಲಿ ಫೈಲ್ ತೆರೆದು ಆಸ್ಪತ್ರೆಯ ರಿಪೋರ್ಟ್ ಮತ್ತೊಮ್ಮೆ ಓದಿದೆ. ಪಾಲಕರು ಮಗುವಿನೊಡನೆ ಸರಳವಾಗಿ, ಸಾಧ್ಯವಾದಷ್ಟು ಹೆಚ್ಚು ಮಾತಾಡಬೇಕು ಎಂದಿತ್ತು. ಯಾವ ಭಾಷೆಯ ಹೆಸರೂ ಇರಲಿಲ್ಲ. ಅಷ್ಟರಲ್ಲಿ ತಲೆಯ ಮೇಲಿನ ಸ್ಪೀಕರಿನಲ್ಲಿ ಮುಂದಿನ ಸ್ಟೇಶನ್ ಬೊರಿವಲಿಯ ಹೆಸರು ಬಂತು, ಮರಾಠಿಯಲ್ಲಿ, ಹಿಂದಿಯಲ್ಲಿ, ಇಂಗ್ಲಿಷಿನಲ್ಲಿ. ಆ ಹುಡುಗಿ ಒಂದು ದಿನವೂ ಈ ಮೂರನ್ನು ಕಲಸಿರಲಿಲ್ಲ. ಒಂದರ ಪದ ಇನ್ನೊಂದಕ್ಕೆ ಸೇರಿಸಿರಲಿಲ್ಲ. ಖಿಚಡಿ ಇದ್ದದ್ದು ಯಾರ ತಲೆಯಲ್ಲಿ? ಆರು ತಿಂಗಳು ಅವಳು ದಿನಾ ಎದ್ದು ನನಗೆ ಅದನ್ನೇ ಹೇಳುತ್ತಿದ್ದಳು, ನಾನು ಅದನ್ನು ‘ಡಿಸ್ಟರ್ಬೆನ್ಸ್’ ಕಾಲಮಿನಲ್ಲಿ ಬರೆಯುತ್ತಿದ್ದೆ.

ಪರಿಶೀಲನೆಯ ದಿನ ಪ್ರಿನ್ಸಿಪಾಲರು ಅರ್ಜಿ ಕೇಳಿದರು. ಸಹಿ ಮಾಡಿಸಿಲ್ಲ ಎಂದೆ. ಏಪ್ರಿಲ್ ತನಕ ಸಮಯ ಬೇಕು, ರಿಸೋರ್ಸ್ ರೂಮಿನಲ್ಲಿ ಕನ್ನಡದಿಂದ ಶುರು ಮಾಡುತ್ತೇನೆ, ತಾಯಿಯೂ ವಾರಕ್ಕೆರಡು ದಿನ ಬರಲಿ ಎಂದೆ.

“ಇಂಗ್ಲಿಷ್ ಮೀಡಿಯಮ್ ಸ್ಕೂಲಿನಲ್ಲಿ ಕನ್ನಡ? ಮ್ಯಾನೇಜ್‌ಮೆಂಟಿಗೆ ನಾನು ಏನು ಹೇಳಲಿ?”

“ಬಾಗಿಲು ಮುಚ್ಚಿಕೊಂಡು ಮಾಡುತ್ತೇನೆ. ಆಗದಿದ್ದರೆ ಏಪ್ರಿಲ್‌ನಲ್ಲಿ ನನ್ನನ್ನೂ ಕಳಿಸಿಬಿಡಿ.”

“ಮೊದಲ ಟರ್ಮಿನಲ್ಲಿ ಏನು ತಪ್ಪಿತು? ಅದನ್ನಾದರೂ ಬರೆಯಬೇಕಲ್ಲ.”

ಪಕ್ಕದಲ್ಲಿ ಕೂತು ಪರಿಶೀಲನೆಯ ವರದಿ ಬರೆಯುತ್ತಿದ್ದ ಕ್ಲಾಸ್ ಟೀಚರ್ ನನ್ನ ಮುಖ ನೋಡಿದಳು. ಅವಳಿಗೆ ನಾನು ಮೊದಲೇ ಎಲ್ಲ ಹೇಳಿದ್ದೆ. “ಸ್ಟ್ರಾಟಜಿ ಚೇಂಜ್ ಎಂದು ಬರೆಯಿರಿ,” ಎಂದೆ. ಅವಳು ಕಣ್ಣು ಕೆಳಗೆ ಮಾಡಿ ಹಾಗೆಯೇ ಬರೆದಳು. ‘ಹೋಮ್ ಪ್ರ್ಯಾಕ್ಟಿಸ್ ಇನ್‌ಅಡಿಕ್ವೇಟ್’ ಎಂಬ ಸಾಲಿನ ಮೇಲೆ ನಾನು ಗೆರೆ ಎಳೆಯಲಿಲ್ಲ. ಆ ಫೈಲ್ ಇನ್ನೂ ಆ ಶಾಲೆಯ ಕಪಾಟಿನಲ್ಲಿದ್ದರೆ, ಅದರ ಪ್ರಕಾರ ತಪ್ಪು ಇವತ್ತಿಗೂ ಆ ತಾಯಿಯದೇ.

ಮೆಟ್ಟಿಲ ಕೆಳಗಿನ ಕೋಣೆಯಲ್ಲಿ ಮೊದಲ ದಿನ ತಾಯಿಗೆ ಮಾತೇ ಹೊರಡಲಿಲ್ಲ. ನನ್ನ ಮುಖ ನೋಡುವುದು, ಬಾಗಿಲ ಕಡೆ ನೋಡುವುದು. ಹಾಡು ಹೇಳಿ ಎಂದರೆ, “ಅದು ಅತ್ತಿಗೆ ಬರತೈತ್ರಿ, ನನಗ ಪೂರ್ತಿ ಬರಂಗಿಲ್ಲ,” ಎಂದಳು. ಹಾಗಾದರೆ ಫೋನ್ ಹಚ್ಚಿ ಎಂದೆ. ಸೊಲ್ಲಾಪುರಕ್ಕೆ ಫೋನ್ ಹೋಯಿತು. ಸ್ಪೀಕರಿನಲ್ಲಿ ಮುದುಕಿಯ ಧ್ವನಿ ಕೇಳಿದ್ದೇ ಹುಡುಗಿ ಮರಳಿನ ಟ್ರೇ ಬಿಟ್ಟು ಬಂದು ಫೋನಿಗೆ ಕೆನ್ನೆ ಆನಿಸಿ ನಿಂತಳು. ಮುದುಕಿ ಹಾಡಿ, ಕೊನೆಯ ಪದ ಬಿಟ್ಟು ಕಾದಳು. ಹುಡುಗಿ ಸುಮ್ಮನಿದ್ದಳು.

“ಯಾಕ ನನ ಬಂಗಾರ, ನನ್ನ ಮ್ಯಾಲ ಸಿಟ್ಟೇನ? ನಾ ಎಲ್ಲಿ ಬಿಟ್ಟು ಬಂದೀನ, ಇವರ ಕಳಿಸ್ಯಾರ,” ಎಂದಿತು ಫೋನು.

ಎರಡನೆಯ ಸಲವೂ ಇಲ್ಲ. ಮೂರನೆಯ ವಾರ, ಮುದುಕಿ ಬಿಟ್ಟ ಖಾಲಿ ಜಾಗದಲ್ಲಿ, ನಾವೆಲ್ಲ ಕಾದು ಇನ್ನು ಸಾಕು ಎನ್ನುವ ಹೊತ್ತಿಗೆ, “ರೊಟ್ಟಿ,” ಎಂದಳು. ರೈಲಿನ ಹೆಂಗಸಿನ ಗತ್ತಿನಲ್ಲಲ್ಲ, ತನ್ನದೇ ಧ್ವನಿಯಲ್ಲಿ. ಆ ಧ್ವನಿಯನ್ನು ನಾನು ಮೊದಲ ಬಾರಿ ಕೇಳಿದ್ದು ಆಗ. ತಾಯಿ ಬಾಯಿಗೆ ಸೆರಗು ಒತ್ತಿಕೊಂಡು ಗೋಡೆಯ ಕಡೆ ತಿರುಗಿದಳು.

ಅಲ್ಲಿಂದ ಕೆಲಸ ನಿಧಾನವಾಗಿ ಸಾಗಿತು. ಮೊದಲು ಹಾಡಿನ ಪದಕ್ಕೆ ಕಾರ್ಡು, ಆಮೇಲೆ ಕಾರ್ಡಿಗೆ ಕನ್ನಡದ ಪದ, ಅದು ಗಟ್ಟಿಯಾದ ಮೇಲೆ ಪಕ್ಕದಲ್ಲಿ ಇಂಗ್ಲಿಷಿನದು. ಕೈ ಕಚ್ಚಿಕೊಳ್ಳುವುದು ಕಡಿಮೆಯಾಯಿತು. ಮಾರ್ಚಿನಲ್ಲಿ ಒಂದು ದಿನ ಕ್ಲಾಸ್ ಟೀಚರ್ ಓಡಿಬಂದು, “ಮ್ಯಾಡಮ್, ತೀ ಮಲಾ ಬ್ಯಾಡ ಮ್ಹಣಾಲೀ,” ಎಂದಳು. ಬೇಡ ಅನ್ನಿಸಿಕೊಂಡು ಅಷ್ಟು ಖುಷಿಪಟ್ಟ ಟೀಚರನ್ನು ನಾನು ನೋಡಿಲ್ಲ. ಏಪ್ರಿಲ್‌ನಲ್ಲಿ ಹುಡುಗಿ ಅದೇ ಶಾಲೆಯಲ್ಲಿ ಉಳಿದು ಮೂರನೆಯ ಕ್ಲಾಸಿಗೆ ಹೋದಳು. ಮ್ಯಾನೇಜ್‌ಮೆಂಟ್ ನನಗೆ ಶಾಲು ಹೊದಿಸಿತು. ತಾಯಿ ಶೇಂಗಾ ಹೋಳಿಗೆ ಮಾಡಿ ತಂದಿದ್ದಳು.

ಅಜ್ಜಿ ಮಾತ್ರ ಮರಳಿ ಬರಲಿಲ್ಲ. ಬರಬೇಕೆನ್ನುವಷ್ಟರಲ್ಲಿ ಸೊಲ್ಲಾಪುರದಲ್ಲಿ ಬಚ್ಚಲಲ್ಲಿ ಬಿದ್ದು ಸೊಂಟ ಮುರಿದುಕೊಂಡಳು. ಅಲ್ಲಿಯೇ ಉಳಿದಳು. ಎಣ್ಣೆ ಹಚ್ಚುವ ಹೊತ್ತಿಗೆ ಫೋನ್ ಮಾಡಿ ಹಾಡುತ್ತಾಳೆ ಎಂದು ತಾಯಿ ಹೇಳಿದಳು. ಬೇಸರದಿಂದ ಹೇಳಲಿಲ್ಲ, ಸುದ್ದಿ ಹೇಳಿದ ಹಾಗೆ ಹೇಳಿದಳು. ಅದೇ ನನಗೆ ಕಷ್ಟವಾಯಿತು.

ಆಮೇಲೆ ಒಂದು ವರ್ಷ ಅದೇ ಕೆಲಸ ಮಾಡಿ ಮೊಣಕಾಲಿಗೆ ಸೋತು ಬಿಟ್ಟೆ. ತಾಯಿಗೆ ನಿಜ ಹೇಳುವ ದಿನ ಅನೇಕ ಬಂದವು. ಪ್ರತಿ ಸಲವೂ, ಈಗ ಎಲ್ಲ ಸರಿಯಾಗಿದೆಯಲ್ಲ, ಈಗ ಹೇಳಿ ಅವಳ ಮನಸ್ಸು ಯಾಕೆ ಕೆಡಿಸಲಿ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಅವಳ ಮನಸ್ಸಿನ ಚಿಂತೆ ನನಗಿರಲಿಲ್ಲ. ಅವಳು ನನ್ನನ್ನು ನೋಡುವ ರೀತಿ ಕೆಡಬಾರದಿತ್ತು, ಅಷ್ಟೇ.

ಕೊನೆಯ ಸಲ ಅವರನ್ನು ನೋಡಿದ್ದು ದಹಿಸರ್ ಪ್ಲ್ಯಾಟ್‌ಫಾರಮ್ಮಿನಲ್ಲಿ. ಹಳೆಯ ಕಾಗದಪತ್ರಕ್ಕೆಂದು ಶಾಲೆಗೆ ಹೋಗಿ ಮರಳುತ್ತಿದ್ದೆ. ಲೇಡೀಸ್ ಡಬ್ಬಿ ನಿಲ್ಲುವ ಜಾಗದಲ್ಲಿ ತಾಯಿ, ಮಗಳು ನನಗೆ ಬೆನ್ನು ಹಾಕಿ ನಿಂತಿದ್ದರು. ಹುಡುಗಿ ತಾಯಿಯ ಭುಜಕ್ಕೆ ಬರುವಷ್ಟು ಬೆಳೆದಿದ್ದಳು. ತಾಯಿ ಮಾತಾಡುತ್ತಿದ್ದಳು. ತಡೆಯಿಲ್ಲದೆ, ಕೈ ಆಡಿಸುತ್ತ, ಬಿಲ್ಡಿಂಗಿನ ಯಾವುದೋ ಮನೆಯೊಡತಿ ಉಪ್ಪಿಲ್ಲದ ಪಲ್ಯ ಮಾಡಿಸಿಕೊಂಡ ಕಥೆ. “ಉಪ್ಪ ಬ್ಯಾಡಂತ, ಖಾರ ಬ್ಯಾಡಂತ, ಮತ್ತ ರುಚಿ ಇಲ್ಲಂತ. ಏನ ಮಾಡಬೇಕವ ನಾನು?” ಹುಡುಗಿ ಹಳಿಯ ಕಡೆ ನೋಡುತ್ತಲೇ, “ಖಾರ ಹಾಕು,” ಎಂದಳು. ತಾಯಿ ಗೊಳ್ಳನೆ ನಕ್ಕಳು.

ನಾನು ಹತ್ತಿರ ಹೋದೆ. ಇವತ್ತು ಹೇಳಿಬಿಡುತ್ತೇನೆ ಎಂದುಕೊಂಡೇ ಹೋದೆ. ತಾಯಿ ತಿರುಗಿ ನನ್ನನ್ನು ನೋಡಿದಳು. ನಗು ಅಲ್ಲೇ ನಿಂತಿತು. ಸೆರಗು ಸರಿಮಾಡಿಕೊಂಡಳು, ಮಗಳ ಭುಜ ಹಿಡಿದು ನೇರ ನಿಲ್ಲಿಸಿದಳು.

“ಸೇ ಗುಡ್ ಆಫ್ಟರ್‌ನೂನ್ ಟೀಚರ್,” ಎಂದಳು.

“ಕನ್ನಡದಲ್ಲೇ ಮಾತಾಡಿ. ನಾನೇ ಅವತ್ತು…” ಎಂದು ಶುರು ಮಾಡಿದೆ.

“ಇಂಗ್ಲಿಷೂ ಬಿಟ್ಟಿಲ್ರಿ ಅಕ್ಕೋರ, ಅದನ್ನೂ ದಿನಾ ಮಾಡಸತೀನಿ,” ಎಂದಳು ಅವಸರದಲ್ಲಿ, ಗೇಟಿನಲ್ಲಿ ಅವತ್ತು ತಲೆ ತಗ್ಗಿಸಿದ್ದ ಹಾಗೆಯೇ ತಗ್ಗಿಸಿ. ಅಷ್ಟರಲ್ಲಿ ರೈಲು ಬಂತು. “ಕಮ್,” ಎಂದು ಮಗಳ ಕೈ ಹಿಡಿದಳು. ಹೆಂಗಸರು ನುಗ್ಗಿದರು. ಅವರಿಬ್ಬರೂ ಒಳಗೆ ಸೇರಿದರು, ನನ್ನ ಕಾಲಿಗೆ ಆಗಲಿಲ್ಲ, ಉಳಿದೆ.

ಡಬ್ಬಿಯ ಕಿಟಕಿ ನನ್ನ ಮುಂದಿನಿಂದ ಸರಿಯಿತು. ಸರಳಿನ ಆಚೆ ತಾಯಿ ನನ್ನ ಕಡೆ ನೋಡಿ ಕೈ ಎತ್ತಿದಳು, ತುಟಿ ಮುಚ್ಚಿಯೇ ಇತ್ತು. ರೈಲು ಸ್ವಲ್ಪ ಮುಂದೆ ಹೋಗಿ, ತಾನು ಇನ್ನು ನನಗೆ ಕಾಣುವುದಿಲ್ಲ ಎಂದುಕೊಂಡವಳ ಹಾಗೆ ಮಗಳ ಕಡೆ ತಿರುಗಿದಳು. ಮಾತಿನ ಜೊತೆಗೆ ಅವಳ ಕೈ ಮತ್ತೆ ಆಡತೊಡಗಿದ್ದು ನನಗೆ ಕಂಡಿತು.